ಸೆಂಟ್ಸಿನ ಮಲ್ಲಿಗೆಗೆ ಹೆಕ್ಟೇರಿನ ಪರಿಹಾರ

ಸರಕಾರದ ಆದೇಶಗಳಲ್ಲಿ ನೆಲದ ಅಳತೆ ಹೆಕ್ಟೇರ್. ಅಜೆಕಾರಿನ ಆಸುಪಾಸಿನಲ್ಲಿ ಮನೆಯಂಗಳದ ಮಲ್ಲಿಗೆ ತೋಟವನ್ನು ಅಳೆಯುವುದು ಸೆಂಟ್ಸಿನಲ್ಲಿ. ಒಂದು ಹೆಕ್ಟೇರೆಂದರೆ 247 ಸೆಂಟ್ಸ್. ಶಾಲೆಯ ಮಕ್ಕಳೂ ಮಾಡಬಲ್ಲ ಈ ಲೆಕ್ಕ, ಕೊರೊನಾ ಕಾಲದಲ್ಲಿ ಹೂವಿನ ಬೆಳೆಗಾರರಿಗೆ ಬೇರೆಯೇ ಒಂದು ಪಾಠ ಹೇಳಿತು.

ಉಡುಪಿ ಮಲ್ಲಿಗೆಗೆ ಶಂಕರಪುರದ ಹೆಸರಿದ್ದರೂ ಅದು ಕಾರ್ಕಳ ತಾಲೂಕಿನ ಎಷ್ಟೋ ಮನೆಗಳ ದಿನಖರ್ಚಿನ ಆಧಾರ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸುವವರು ಹೆಚ್ಚಾಗಿ ಹೆಂಗಸರು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ಮುಂದಿದ್ದದ್ದು ಮದುವೆ, ನೇಮ, ಜಾತ್ರೆಗಳ ಕಾಲ. ದೇವಸ್ಥಾನಗಳು ಮುಚ್ಚಿದವು, ಮದುವೆಗಳು ಮುಂದಕ್ಕೆ ಹೋದವು, ಹೂ ಒಯ್ಯುವ ವಿಮಾನಗಳೂ ನಿಂತವು. ಭತ್ತ, ಅಡಿಕೆಯಾದರೆ ನಾಲ್ಕು ತಿಂಗಳು ಕಾದೀತು. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೆ ಅರಳುತ್ತದೆ, ಮರುದಿನ ಬಾಡುತ್ತದೆ. ಗಿಡಕ್ಕೆ ಲಾಕ್‌ಡೌನ್ ತಿಳಿಯದು.

ಸರಕಾರ ಸುಮ್ಮನೆ ಕುಳಿತಿರಲಿಲ್ಲ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿದರು. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಂದು ಹೆಕ್ಟೇರಿನ ಮಿತಿ. 2021ರ ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದಾಗ ಮತ್ತೆ 1,250 ಕೋಟಿಯ ಪರಿಹಾರ. ಹೂವಿಗೆ ಈ ಬಾರಿ ಹೆಕ್ಟೇರಿಗೆ 10,000.

ಈಗ ಭಾಗಿಸಿ ನೋಡೋಣ. ಮೊದಲ ವರ್ಷದ ದರದಲ್ಲಿ ಒಂದು ಸೆಂಟ್ಸಿಗೆ ಸುಮಾರು 101 ರೂಪಾಯಿ. ಹತ್ತು ಸೆಂಟ್ಸಿನ ಮಲ್ಲಿಗೆಗೆ ಸಾವಿರದ ಚಿಲ್ಲರೆ. ಎರಡನೆಯ ವರ್ಷ ಅದೇ ಹತ್ತು ಸೆಂಟ್ಸಿಗೆ 405 ರೂಪಾಯಿ. ಒಳ್ಳೆಯ ಮುಹೂರ್ತದ ದಿನ ಒಂದೇ ಅಟ್ಟೆಗೆ ಸಾವಿರ ದಾಟುವುದುಂಟು. ಅಂದರೆ ಇಡೀ ಹಂಗಾಮಿನ ನಷ್ಟಕ್ಕೆ ಈ ಲೆಕ್ಕದಲ್ಲಿ ಸಿಗುವುದು ಒಂದು ಅಟ್ಟೆ ಹೂವಿನ ಬೆಲೆಯೂ ಅಲ್ಲ.

ದರ ತಪ್ಪೆಂದು ಹೇಳುವಂತಿಲ್ಲ. ಎಕರೆಗಟ್ಟಲೆ ಸೇವಂತಿಗೆ, ಚೆಂಡುಹೂ ಹಾಕಿ ಟ್ರ್ಯಾಕ್ಟರಿನಿಂದ ಉಳಿಸಿ ಮಣ್ಣಿಗೆ ಸೇರಿಸಿದ ಬಯಲುಸೀಮೆಯ ರೈತನಿಗೆ ಹೆಕ್ಟೇರಿನ ಅಳತೆ ಹೊಂದುತ್ತದೆ. ಕರಾವಳಿಯ ಹಿಡುವಳಿ ಬೇರೆ. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗೇಣಿದಾರರ ಕೈಗೆ ಬಂದ ಭೂಮಿ, ಮುಂದೆ ಮಕ್ಕಳ ನಡುವೆ ಪಾಲಾಗುತ್ತ ಹೋಯಿತು. ಪಾಲಾಗದ ಕಡೆ ತೀರಿಹೋದ ಅಜ್ಜನ ಹೆಸರೇ ಆರ್‌ಟಿಸಿಯಲ್ಲಿ ಉಳಿದಿರುವುದೂ ಉಂಟು. ಅಂಗಳದ ಅಂಚಿನ ಇಪ್ಪತ್ತು ಮಲ್ಲಿಗೆ ಗಿಡ ಬೆಳೆಯ ಕಾಲಮ್ಮಿನಲ್ಲಿ ಕಾಣುವುದಿಲ್ಲ. ಅಲ್ಲಿ ತೆಂಗೋ ಅಡಿಕೆಯೋ ಇರುತ್ತದೆ. ಕುಮ್ಕಿಯಲ್ಲಿ ನೆಟ್ಟರಂತೂ ಜಾಗವೇ ಸರಕಾರದ್ದು. ಹೂ ಕಟ್ಟುವ ಸೊಸೆಯ ಹೆಸರಿಗೆ ನೆಲವೂ ಇಲ್ಲ, ಬೆಳೆಯೂ ಇಲ್ಲ. ಪರಿಹಾರ ಹೋಗುವುದು ಕಾಗದದಲ್ಲಿ ಹೆಸರಿದ್ದವರಿಗೆ.

ಕೇಂದ್ರದ ಕಿಸಾನ್ ಸಮ್ಮಾನ್ ಹಣಕ್ಕೂ ಇದೇ ದಾರಿ. 2020ರ ಏಪ್ರಿಲಿನಲ್ಲಿ ಬಂದ 2,000 ರೂಪಾಯಿ ಹೊಸದಾಗಿ ಕೊಟ್ಟದ್ದಲ್ಲ, ವರ್ಷದ 6,000ದ ಒಂದು ಕಂತನ್ನು ಮುಂಚಿತವಾಗಿ ಹಾಕಿದ್ದು. ಅದೂ ಭೂದಾಖಲೆ ಇದ್ದವರಿಗೆ ಮಾತ್ರ.

ಮುಂದಿನ ಕಷ್ಟ ಯಾವ ರೂಪದಲ್ಲಿ ಬರುತ್ತದೋ ಯಾರು ಬಲ್ಲರು? ಬರುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಅಜ್ಜನ ಹೆಸರಿನ ಖಾತೆಯನ್ನು ಪೌತಿ ಮಾಡಿಸಿಕೊಳ್ಳುವುದು, ರೈತರ ಗುರುತಿನ ಸಂಖ್ಯೆ ಪಡೆಯುವುದು, ಬೆಳೆ ಸಮೀಕ್ಷೆಯವರು ಬಂದಾಗ ತೆಂಗಿನ ಜೊತೆಗೆ ಮಲ್ಲಿಗೆಯನ್ನೂ ತೋರಿಸಿ ಬರೆಸುವುದು. 2020ರಿಂದ ಈ ಸಮೀಕ್ಷೆಯನ್ನು ಮೊಬೈಲಿನಲ್ಲಿ ರೈತರೇ ದಾಖಲಿಸುವ ವ್ಯವಸ್ಥೆಯೂ ಬಂದಿದೆ.

ಅಷ್ಟು ಬೆಳೆಗಾರರ ಪಾಲಿನ ಕೆಲಸ. ಅಂಗಳದ ಬೆಳೆಗೆ ಹೆಕ್ಟೇರಿನ ಬದಲು ಗಿಡದ ಲೆಕ್ಕವನ್ನೋ ಮನೆಯ ಲೆಕ್ಕವನ್ನೋ ಇಡುವುದು ಸರಕಾರದ ಪಾಲಿನದು. ಅಟ್ಟೆಯಲ್ಲಿ ಮಾರುವ ಹೂವಿನ ನಷ್ಟವನ್ನು ಹೆಕ್ಟೇರಿನಲ್ಲಿ ಅಳೆಯಹೊರಟರೆ, ಹೂ ಕಟ್ಟಿದವಳ ಕೈಗೆ ಬರುವುದು ಬಾಳೆನಾರು ಮಾತ್ರ.