ಎರಡು ನಕ್ಷತ್ರಗಳ ಸುಳ್ಳು ಪಾಠ

ಸಿ ಭಾಷೆಯ ಪಾಯಿಂಟರ್ ಹಳ್ಳಿಯ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ಹಲವು ಬಾರಿ ಕೇಳಿದ್ದೇನೆ. ನಾನಿದನ್ನು ಒಪ್ಪುವುದಿಲ್ಲ. ಹತ್ತದಿರುವುದು ಪಾಯಿಂಟರ್ ಅಲ್ಲ. ಅದರ ಹೆಸರಿನಲ್ಲಿ ಹೇಳಿಕೊಡುವ ಒಂದು ಸುಳ್ಳು.

ನಮ್ಮ ಲೋಕಾಪುರದಿಂದ ಇಂಜಿನಿಯರಿಂಗ್ ಓದಲು ಹೋದ ಬಂಧುವೊಬ್ಬನ ನೋಟ್ ಪುಸ್ತಕದಲ್ಲಿ ಆ ಸುಳ್ಳನ್ನು ಕಂಡೆ: 'ಎರಡು ಆಯಾಮದ ಅರೇ ಎಂದರೆ ಪಾಯಿಂಟರಿಗೆ ಪಾಯಿಂಟರ್.' ಕಾಲೇಜಿನ ಹೆಸರು ಬೇಡ. ಪರೀಕ್ಷೆಗೆಂದೇ ಸಿದ್ಧಪಡಿಸಿದ ನೋಟ್ಸುಗಳ ಹಣೆಬರಹವೇ ಇದು.

ನಿಜವೇನು? ಎ[3][4] ಎಂದು ಪೂರ್ಣಾಂಕಗಳ ಅರೇ ಘೋಷಿಸಿದರೆ, ಹನ್ನೆರಡು ಸಂಖ್ಯೆಗಳು ಒಂದರ ಪಕ್ಕ ಒಂದರಂತೆ, ಸಾಲಿನ ಹಿಂದೆ ಸಾಲಾಗಿ ಕೂರುತ್ತವೆ. ನಡುವೆ ಯಾವ ವಿಳಾಸವೂ ಇರುವುದಿಲ್ಲ. ತರಗತಿಯಲ್ಲಿ ಮೂರು ಬೆಂಚು, ಬೆಂಚಿಗೆ ನಾಲ್ವರು ಎಂದುಕೊಳ್ಳಿ. ಲೆಕ್ಕದಲ್ಲಿ ಬಂದಾಗ ಎ ಎಂಬ ಹೆಸರು ಮೊದಲ ಬೆಂಚನ್ನು ತೋರಿಸುತ್ತದೆ, ಮೊದಲ ಹುಡುಗನನ್ನಲ್ಲ. ಆದುದರಿಂದ ಎ+1 ಎಂದರೆ ಮುಂದಿನ ಬೆಂಚು. ಪೂರ್ಣಾಂಕಕ್ಕೆ 4 ಬೈಟ್ ಆದರೆ 16 ಬೈಟ್‌ಗಳ ಜಿಗಿತ. ಎ[1][2] ಎಂಬುದು *(*(ಎ+1)+2) ಎಂಬುದರ ಇನ್ನೊಂದು ರೂಪ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಇದು ಎರಡನೆಯ ಬೆಂಚಿನ ಮೂರನೆಯವನು. ಆರಂಭದಿಂದ 1×4+2, ಅಂದರೆ 6 ಮನೆ, 24 ಬೈಟ್ ದೂರ. ಪ್ರಾಥಮಿಕ ಶಾಲೆಯ ಗುಣಾಕಾರಕ್ಕಿಂತ ಹೆಚ್ಚಿನದು ಇದರಲ್ಲೇನಿದೆ?

ಪಾಯಿಂಟರಿಗೆ ಪಾಯಿಂಟರ್ ಬೇರೆಯೇ ವಸ್ತು. ಅದು ವಿಳಾಸಗಳ ಪಟ್ಟಿಯ ವಿಳಾಸ. ಮ್ಯಾಲಾಕ್ ಬಳಸಿ ಸಾಲುಗಳನ್ನು ಬೇರೆ ಬೇರೆಯಾಗಿ ಪಡೆದಾಗ ಅದು ಸರಿಯಾದುದೇ. ಆದರೆ ಎ ಯನ್ನು ಎರಡು ನಕ್ಷತ್ರದ ಪಾಯಿಂಟರಿಗೆ ಕೊಟ್ಟರೆ ಕಂಪೈಲರ್ ಆಕ್ಷೇಪಿಸುತ್ತದೆ. ಕ್ಯಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸಿದರೆ, ಯಂತ್ರವು ಅಂಕಿಯನ್ನೇ ವಿಳಾಸವೆಂದು ಓದಲು ಹೊರಡುತ್ತದೆ. ಸಾಮಾನ್ಯವಾಗಿ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಹುಡುಗನ ಹಾಜರಿ ಸಂಖ್ಯೆಯನ್ನು ಮನೆಯ ನಂಬರೆಂದು ತಿಳಿದು ಅಂಚೆಯವನು ಅಲೆದಂತೆ! ಇಲ್ಲಿ ಬೇಕಾದುದು (*ಪಿ)[4], ನಾಲ್ವರ ಬೆಂಚನ್ನು ತೋರಿಸುವ ಪಾಯಿಂಟರ್. ಆವರಣ ತೆಗೆದು *ಪಿ[4] ಎಂದು ಬರೆದರೆ ನಾಲ್ಕು ಪಾಯಿಂಟರುಗಳ ಅರೇ ಆಗಿಬಿಡುತ್ತದೆ.

'ಆರಂಭದಲ್ಲಿ ಸ್ವಲ್ಪ ಸರಳಗೊಳಿಸಬೇಕಲ್ಲವೇ ಸರ್' ಎಂದು ನೀವು ಕೇಳಬಹುದು. ಸರಳಗೊಳಿಸುವುದೆಂದರೆ ಕೆಲವನ್ನು ಬಿಡುವುದು, ತಪ್ಪನ್ನು ಕಲಿಸುವುದಲ್ಲ. ಕರ್ನಿಘನ್ ಮತ್ತು ರಿಚಿ ಬರೆದ ಪುಸ್ತಕದ 1988ರ ಎರಡನೆಯ ಆವೃತ್ತಿಯಲ್ಲಿ ಈ ವ್ಯತ್ಯಾಸಕ್ಕೆಂದೇ ಒಂದು ಭಾಗವಿದೆ. ಓದುವ ವ್ಯವಧಾನ ಬೇಕಷ್ಟೆ.

ನೋಟ್ಸನ್ನು ನಂಬಿದ ಹುಡುಗನ ಪ್ರೋಗ್ರಾಂ ಕುಸಿದಾಗ ಅವನು ನೋಟ್ಸನ್ನು ಶಂಕಿಸುವುದಿಲ್ಲ, ತನ್ನನ್ನೇ ಶಂಕಿಸುತ್ತಾನೆ. ತನ್ನ ಇಂಗ್ಲಿಷನ್ನು, ತನ್ನ ಊರನ್ನು ಹಳಿದುಕೊಳ್ಳುತ್ತಾನೆ. ನನಗೆ ಸಹಿಸಲಾಗದಿರುವುದು ಇದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ಇಂದು ಈ ಪಾಠ ಮಾಡುತ್ತಿರುವಿರೋ ಅವರಿಗೆ ನನ್ನದೊಂದು ಮಾತು: ನಕ್ಷತ್ರ ಬರೆಯುವ ಮೊದಲು ಹಲಗೆಯ ಮೇಲೆ ಹನ್ನೆರಡು ಮನೆಗಳನ್ನು ಬರೆಯಿರಿ. ಪ್ರತಿಯೊಂದರ ವಿಳಾಸವನ್ನೂ ಮಕ್ಕಳಿಂದಲೇ ಲೆಕ್ಕ ಹಾಕಿಸಿರಿ. ಅದನ್ನು ಕನ್ನಡದಲ್ಲೇ ಮಾಡಬಹುದು.