ಪೋರ್ಷನ್ ಮುಗಿಸುವ ಓಟ

"ಪೋರ್ಷನ್ ಯಾವಾಗ ಮುಗಿಸ್ತೀರಿ ಸರ್?" ಮಗಳನ್ನೋ ಮಗನನ್ನೋ ಪಿಯು ವಿಜ್ಞಾನಕ್ಕೆ ಸೇರಿಸಲು ಬಂದವರು ಶುಲ್ಕ ವಿಚಾರಿಸಿದ ಮೇಲೆ ಕೇಳುವುದು ಇದನ್ನೇ. ಪಿಯು ಪಾಠದ ಜತೆಗೇ ಪ್ರವೇಶ ಪರೀಕ್ಷೆಗೂ ತಯಾರು ಮಾಡುವ ಇಂಟಿಗ್ರೇಟೆಡ್ ಕಾಲೇಜುಗಳಲ್ಲಿ ಉತ್ತರ ಸಿದ್ಧವಿರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಬ್ರಿಡ್ಜ್ ಕೋರ್ಸ್, ಪ್ರಥಮ ಪಿಯುವಿನ ಪಾಠ ವರ್ಷ ತುಂಬುವ ಮೊದಲೇ ಖಲಾಸ್, ಆ ವರ್ಷವೇ ದ್ವಿತೀಯ ಪಿಯುವಿನ ಅಧ್ಯಾಯಗಳು ಶುರು, ಮರುವರ್ಷದ ಕೊನೆಯ ತಿಂಗಳುಗಳು ಪೂರ್ತಿ ಟೆಸ್ಟ್ ಸೀರೀಸ್‌ಗೆ.

ಇದೆಲ್ಲ ಬರೀ ವ್ಯಾಪಾರ ಎಂದು ಮೂಗು ಮುರಿಯುವವರು ಒಮ್ಮೆ ಪರೀಕ್ಷೆಗಳ ದಿನಾಂಕ ನೋಡಬೇಕು. ಜೆಇಇ ಮೇನ್‌ನ ಮೊದಲ ಸುತ್ತು ನಡೆಯುವುದು ಜನವರಿಯಲ್ಲಿ. ಫೆಬ್ರವರಿವರೆಗೆ ನಿಧಾನವಾಗಿ ಪಾಠ ನಡೆಯುವ ಕಾಲೇಜಿನ ಹುಡುಗ ಅರ್ಧ ಓದಿಕೊಂಡೇ ಆ ಸುತ್ತಿಗೆ ಕೂರಬೇಕು. ನೀಟ್, ಸಿಇಟಿಗಳಲ್ಲಿ ಪ್ರಥಮ ಪಿಯುವಿನ ಪಾಠದಿಂದಲೂ ಪ್ರಶ್ನೆಗಳು ಬರುತ್ತವೆ. ಒಂದೂವರೆ ವರ್ಷದ ಹಿಂದೆ ಓದಿ ಮರೆತದ್ದನ್ನು ಮತ್ತೆ ತಿರುವಿಹಾಕಲು ಸಮಯ ಬೇಡವೇ? ಆ ಸಮಯ ಸಿಗದ ಮಕ್ಕಳಲ್ಲಿ ಅನೇಕರು ಪಿಯು ಮುಗಿಸಿ 'ಲಾಂಗ್ ಟರ್ಮ್' ಎಂದು ಇನ್ನೊಂದು ವರ್ಷ ಹಾಸ್ಟೆಲ್ ಹಣ ಕಟ್ಟಿ ಕೂರುತ್ತಾರೆ.

ವೇಗದ ಪರವಾಗಿ ಇನ್ನೂ ಒಂದು ಮಾತಿದೆ, ಇದನ್ನು ಹೊರಗಿನವರು ಗಮನಿಸುವುದು ಕಡಿಮೆ. ಪ್ರಥಮ ಪಿಯು ಭೌತಶಾಸ್ತ್ರದಲ್ಲಿ ಚಲನೆಯ ಪಾಠ ಬರುವುದು ಮೊದಲ ವಾರಗಳಲ್ಲೇ. ಅದಕ್ಕೆ ಬೇಕಾದ ಡೆರಿವೇಟಿವ್ ಗಣಿತದ ಪುಸ್ತಕದಲ್ಲಿ ಬರುವುದು ಕೊನೆಯ ಅಧ್ಯಾಯಗಳಲ್ಲಿ. ಪುಸ್ತಕದ ಕ್ರಮದಲ್ಲೇ ಹೋಗುವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರು ಅದನ್ನು "ಸದ್ಯಕ್ಕೆ ಹೀಗೆಂದು ಒಪ್ಪಿಕೊಳ್ಳಿ" ಎಂದು ದಾಟಿಸಬೇಕಾಗುತ್ತದೆ. ಒಳ್ಳೆಯ ಬ್ರಿಡ್ಜ್ ಕೋರ್ಸ್ ಡೆರಿವೇಟಿವ್ ಅನ್ನು ಮೇ ತಿಂಗಳಲ್ಲೇ ಕಲಿಸಿಬಿಡುತ್ತದೆ. ಇದು ಪಾಠವನ್ನು ಹಿಂಡುವುದಲ್ಲ, ಸರಿಯಾದ ಸಾಲಿನಲ್ಲಿ ಜೋಡಿಸುವುದು.

ಆದರೆ ಅದೇ ಮೇ ತಿಂಗಳಲ್ಲಿ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಯಾರಿದ್ದಾರೆ ನೋಡಿ. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದಿ, ಒಳ್ಳೆಯ ಅಂಕ ತೆಗೆದು ಬಂದ ಹುಡುಗಿ. ಪಿಯು ವಿಜ್ಞಾನ ನಡೆಯುವುದು ಇಂಗ್ಲಿಷಿನಲ್ಲಿ. ಅವಳಿಗೆ ಮೊದಲ ಮೂರ್ನಾಲ್ಕು ತಿಂಗಳು ಬೇಕಾದದ್ದು ಉಸಿರಾಡುವಷ್ಟು ಜಾಗ. ಗೊತ್ತಿರುವ ವಿಷಯವೇ ಹೊಸ ವೇಷದಲ್ಲಿ ಬಂದಿದೆ ಎಂದು ತಿಳಿಯಲು ಬೇಕಾಗುವಷ್ಟು ಕಾಲ. ವೇಗದ ವೇಳಾಪಟ್ಟಿ ಮೊದಲು ಕತ್ತರಿ ಹಾಕುವುದು ಆ ತಿಂಗಳುಗಳಿಗೇ. ಟೆಸ್ಟ್‌ನಲ್ಲಿ ಅಂಕ ಕಡಿಮೆಯಾದರೆ ಸೆಕ್ಷನ್ ಬದಲಾಗುತ್ತದೆ, ಪಾಠದ ವೇಗ ಮಾತ್ರ ಅಷ್ಟೇ ಇರುತ್ತದೆ. ಅವಳು ದಡ್ಡಿಯಲ್ಲ ಎನ್ನುವುದು ಅವಳಿಗೇ ಮರೆತುಹೋಗುವ ಅಪಾಯ ಇರುವುದು ಇಲ್ಲಿ.

ಲ್ಯಾಬ್ ಮತ್ತು ಭಾಷೆಯ ಪೀರಿಯಡ್‌ಗಳ ಕಥೆ ಎಲ್ಲರಿಗೂ ಗೊತ್ತು. ಪ್ರವೇಶ ಪರೀಕ್ಷೆ ಕೇಳದ್ದಕ್ಕೆ ಈ ಓಟದಲ್ಲಿ ಜಾಗ ಸಾಲುವುದಿಲ್ಲ. ಭೌತಶಾಸ್ತ್ರದ ನೂರು ಅಂಕದಲ್ಲಿ ಪ್ರಾಯೋಗಿಕಕ್ಕೆ 30 ಇದ್ದರೂ ಪ್ರಯೋಗಗಳನ್ನು ಕೊನೆಗೆ ರಾಶಿ ಹಾಕಿ ಮುಗಿಸುವ ಕಾಲೇಜುಗಳಿವೆ.

ನನ್ನ ತೂಕ ಎತ್ತ ವಾಲುತ್ತದೆ ಎಂದರೆ, ದ್ವಿತೀಯ ಪಿಯುವಿನ ಪಾಠ ಡಿಸೆಂಬರ್‌ಗೆ ಮುಗಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಪ್ರಥಮ ಪಿಯುವನ್ನು ಹಿಂಡುವುದು ಮಾತ್ರ ಸರಿ ಕಾಣುವುದಿಲ್ಲ. ಎಂಜಿನಿಯರಿಂಗ್‌ಗೆ ಸಿಇಟಿ ರ‍್ಯಾಂಕ್ ಲೆಕ್ಕ ಹಾಕುವಾಗ ದ್ವಿತೀಯ ಪಿಯು ಅಂಕಕ್ಕೂ ಅರ್ಧ ಪಾಲಿದೆ. ಹೀಗಿರುವಾಗ ಜನವರಿಯ ಜೆಇಇ ಕನಸಿಲ್ಲದ ಮಗುವಿಗೆ ಅಷ್ಟು ಅವಸರದ ಅಗತ್ಯವೇ ಇಲ್ಲ. ಜೆಇಇ ಬರೆಯುವ ಮೂವತ್ತು ಮಕ್ಕಳಿಗಾಗಿ ಮಾಡಿದ ವೇಳಾಪಟ್ಟಿಯನ್ನು ಮುನ್ನೂರು ಮಕ್ಕಳಿಗೂ ಹಚ್ಚುವುದು ಕಾಲೇಜಿಗೆ ಅನುಕೂಲ, ಅಷ್ಟೇ. ಅಂಥ ಕಡೆ ಶುಲ್ಕ ಕಟ್ಟುವ ಮೊದಲು ಕೇಳಬೇಕಾದದ್ದು, ಹಿಂದೆ ಬಿದ್ದ ಮಗುವಿಗೆ ಅದೇ ಅಧ್ಯಾಯವನ್ನು ಮತ್ತೆ ಯಾರು, ಯಾವ ಹೊತ್ತಿನಲ್ಲಿ ಹೇಳಿಕೊಡುತ್ತಾರೆ ಎಂಬುದನ್ನು. "ಸಂಜೆ ಡೌಟ್ ಕ್ಲಾಸ್ ಇದೆ" ಎಂದರೆ, ಆ ಕ್ಲಾಸಿಗೆ ಬರುವ ಉಪನ್ಯಾಸಕರು ಯಾರೆಂದೂ ಕೇಳಿ.