ಕೂಲಿಯನ್ನು ‘ವೃತ್ತಿಪರ ಶುಲ್ಕ’ವೆಂದು ಬರೆಯುವ ನಾವು

ಪ್ರತಿ ವರ್ಷ ಮಾರ್ಚ್ ಮುಗಿಯುತ್ತಿದ್ದಂತೆ ನನ್ನ ಮೇಜಿಗೆ ಬರುವ ಲೆಕ್ಕಪುಸ್ತಕಗಳಲ್ಲಿ ಒಂದು ಬಾಬತ್ತು ಬೆಳೆಯುತ್ತಲೇ ಇದೆ: ‘ವೃತ್ತಿಪರ ಶುಲ್ಕ’. ವೈದ್ಯರಿಗೆ, ವಕೀಲರಿಗೆ, ನಮ್ಮಂಥ ಲೆಕ್ಕಪರಿಶೋಧಕರಿಗೆ ಸಲ್ಲುವ ಹಣವನ್ನು ಬರೆಯಬೇಕಾದ ಆ ಬಾಬತ್ತಿನಲ್ಲಿ ಈಗ ಗೋದಾಮಿನ ಗುಮಾಸ್ತ, ಟೆಲಿಫೋನ್ ಎತ್ತುವ ಹುಡುಗಿ, ಬಿಲ್ಲು ಬರೆಯುವ ಹುಡುಗ ಎಲ್ಲರೂ ಸೇರಿದ್ದಾರೆ. ಒಂಬತ್ತೂವರೆಗೆ ಹಾಜರಿ ಹಾಕಿ, ಯಜಮಾನರ ಅಪ್ಪಣೆಯಿಲ್ಲದೆ ಒಂದು ದಿನವೂ ರಜೆ ಪಡೆಯಲಾಗದ ಈ ಜನ ಕಾಗದದ ಮೇಲೆ ಸ್ವತಂತ್ರ ವೃತ್ತಿಪರರು! ನೂರಕ್ಕೆ ಹತ್ತು ತೆರಿಗೆ ಮುರಿದುಕೊಂಡರೆ ಅವರ ಋಣ ತೀರಿತು. ಭವಿಷ್ಯನಿಧಿಯಿಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿಯ ಮಾತಂತೂ ಇಲ್ಲವೇ ಇಲ್ಲ. ಇಂಥ ಲೆಕ್ಕಗಳಿಗೆ ನಾನೂ ಸಹಿ ಹಾಕಿದ್ದೇನೆ. ಮಡಿಯುಟ್ಟು ದೂರ ನಿಂತು ಬರೆಯುತ್ತಿಲ್ಲ.

ಗುತ್ತಿಗೆ ದುಡಿಮೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೀದಿ ಗುಡಿಸುವ ಮಹಿಳೆ. ಆಕೆ ಬಹುಪಾಲು ದಲಿತ ಕೇರಿಯವಳಾದ್ದರಿಂದ ಅದು ‘ಅವರ’ ಕಷ್ಟವೆಂದು ತಿಳಿದು ನೆಮ್ಮದಿಯಿಂದಿದ್ದೇವೆ. ಆದರೆ ಜೈನರೆಲ್ಲ ವ್ಯಾಪಾರಿಗಳೆಂಬ ಮಾತು ಬೆಳಗಾವಿ ಸೀಮೆಯ ನಮ್ಮ ರೈತ ಕುಟುಂಬಗಳಿಗೆ ಎಂದೂ ಹೊಂದಿದ್ದಲ್ಲ. ಅಂಥ ಮನೆಗಳ ಹೆಣ್ಣುಮಕ್ಕಳು ಇಂದು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯರು. ವರ್ಷಗಟ್ಟಲೆ ಪಾಠ ಹೇಳಿದರೂ ಅತಿಥಿಗಳೇ. ಪುಣೆ, ಹೈದರಾಬಾದುಗಳಲ್ಲಿರುವ ಗಂಡುಮಕ್ಕಳು ದೊಡ್ಡ ಕಂಪನಿಯ ಕಟ್ಟಡದಲ್ಲಿ ಕುಳಿತರೂ ಮಧ್ಯವರ್ತಿ ಸಂಸ್ಥೆಯ ಸಂಬಳದಾರರು; ಪ್ರಾಜೆಕ್ಟ್ ಮುಗಿದ ದಿನ ಗುರುತಿನ ಚೀಟಿ ಹಿಂತಿರುಗಿಸಿ ಮನೆಗೆ ಬರಬೇಕು. ಇವರೆಲ್ಲರ ಸಂಕಟ ಒಂದೇ ಎಂದು ಹೇಳುವುದು ಸುಳ್ಳಾದೀತು. ನಮ್ಮ ಹುಡುಗನಿಗೆ ಊರಿನ ಹೊಲವೋ ಅಪ್ಪನ ಅಂಗಡಿಯೋ ಇದೆ. ಗುಡಿಸುವವಳಿಗೆ ನಾಳಿನ ಕೂಲಿಯ ಹೊರತು ಬೇರೇನೂ ಇಲ್ಲ. ಜಾತಿ ಕೆಲಸ ಮಾಡುವುದು ಇಲ್ಲೇ. ಆದರೂ ಗೃಹಸಾಲಕ್ಕೆ ಹೋದವನನ್ನು ಬ್ಯಾಂಕು ಫಾರಂ 16 ಕೇಳುತ್ತದೆ. ನಮ್ಮ ವಧೂವರರ ಸಮಾವೇಶದಲ್ಲಿ ಹೆಣ್ಣಿನ ತಂದೆ ಜಾತಕಕ್ಕಿಂತ ಮೊದಲು ‘ಪರ್ಮನೆಂಟ್ ಆಗಿದೆಯೇ?’ ಎನ್ನುತ್ತಾನೆ. ತನ್ನ ಅಂಗಡಿಯ ನಾಲ್ವರನ್ನು ಹನ್ನೊಂದು ತಿಂಗಳ ಕರಾರಿನಲ್ಲಿಟ್ಟವನೂ ಇದೇ ತಂದೆ.

ಸರ್ಕಾರವೇ ಈ ಹಾದಿ ತೋರಿಸಿತು. 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತ ಉಮಾದೇವಿ ಪ್ರಕರಣದಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿದ್ದರು. ತೆರಿಗೆ ವಸೂಲು ಮಾಡುವ ಇಲಾಖೆಗೇ ಕಾಯಂ ಗುಮಾಸ್ತರು ಬೇಡವಾಗಿದ್ದರು! ಹಿಂಬಾಗಿಲ ನೇಮಕವನ್ನು ತಡೆಯಲು ಹೊರಟ ಆ ತೀರ್ಪು ದುಡಿಯುವವರನ್ನು ಹೊರಗಿಡುವ ಬೀಗವಾಯಿತು. ಅದನ್ನು ಹೀಗೆ ದುರ್ಬಳಕೆ ಮಾಡಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಹೇಳಿಸಿದವರು ಕೇಂದ್ರ ಜಲ ಆಯೋಗದ ಕಚೇರಿಯನ್ನು ದೀರ್ಘಕಾಲ ಗುಡಿಸಿದ ಮಹಿಳೆಯರು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರನಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಕೊಟ್ಟವು, ಒಪ್ಪುತ್ತೇನೆ. ಆದರೆ ಗುತ್ತಿಗೆ ಕಾರ್ಮಿಕರ ನಿಯಮ ಅನ್ವಯಿಸಲು ಹಳೆಯ ಕೇಂದ್ರ ಕಾಯ್ದೆಯಲ್ಲಿದ್ದ 20ರ ಮಿತಿಯನ್ನು 50ಕ್ಕೆ ಏರಿಸಿದವೂ ಅವೇ. ಹನ್ನೊಂದು ತಿಂಗಳ ಕರಾರಿನವನಿಗೆ ಆ ಒಂದು ವರ್ಷ ತುಂಬುವುದಾದರೂ ಎಂದು?

‘ನಮಗೆ ಕಟ್ಟುವುದಿಲ್ಲ’ ಎನ್ನುವವರಿಗೆ ಲೆಕ್ಕವನ್ನೇ ಕೊಡುತ್ತೇನೆ. 15,000 ರೂಪಾಯಿ ವೇತನದ ಒಬ್ಬ ನೌಕರನಿಗೆ ಮಾಲೀಕನ ಭವಿಷ್ಯನಿಧಿ ಪಾಲು 12%, ಅಂದರೆ 1,800, ಇಎಸ್‌ಐ 3.25%, ಸುಮಾರು 488. ಗ್ರಾಚ್ಯುಟಿಗೆ ತೆಗೆದಿಡಬೇಕಾದದ್ದು ಸುಮಾರು 721. ಒಟ್ಟು ತಿಂಗಳಿಗೆ ಮೂರು ಸಾವಿರದ ಆಸುಪಾಸು. ಕಾಯಂ ಮಾಡಿದರೆ ಮೈಗಳ್ಳರಾಗುತ್ತಾರೆಂಬುದು ಇನ್ನೊಂದು ವಾದ. ಹಾಗಾದರೆ ಅಂಗಡಿಯ ಗಲ್ಲಾದಲ್ಲಿ ಕುಳಿತ ಮಗನಿಗೂ ಹನ್ನೊಂದು ತಿಂಗಳ ಕರಾರು ಬರೆಸೋಣವೇ?

ಈ ಮೂರು ಸಾವಿರವನ್ನು ಉಳಿಸಿಕೊಂಡವರು ನಾವು ದಾನಿಗಳು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಬಾಲ್ಯದಲ್ಲೇ ಕಲಿತಿದ್ದೇವೆ. ಇಎಸ್‌ಐ ಕಾರ್ಡು ಸಿಗದ ಅದೇ ನೌಕರನ ಹೆಂಡತಿ ಆಸ್ಪತ್ರೆ ಸೇರಿದಾಗ ಸಮಾಜದ ವೈದ್ಯಕೀಯ ನಿಧಿಯಿಂದ ಚೆಕ್ಕು ಹೋಗುತ್ತದೆ, ಫೋಟೊ ಸಮೇತ. ಹಕ್ಕಾಗಿ ಸಲ್ಲಬೇಕಾದದ್ದನ್ನು ಹಿಡಿದಿಟ್ಟು ಔಷಧದಾನವೆಂದು ಹಿಂತಿರುಗಿಸುವ ಈ ವಹಿವಾಟಿನಲ್ಲಿ ಅಭಯ ಎಲ್ಲಿದೆ? ನಾಳೆ ಕೆಲಸವಿದೆಯೋ ಇಲ್ಲವೋ ಎಂಬ ಹೆದರಿಕೆಯನ್ನು ಹುಟ್ಟಿಸುತ್ತಿರುವವರು ನಾವೇ ಅಲ್ಲವೇ?

ನಾನು ಲೆಕ್ಕ ನೋಡುವ ನಮ್ಮವರದೇ ಒಂದು ಶಾಲೆಯಲ್ಲಿ ಶಿಕ್ಷಕಿಯರನ್ನು ಏಪ್ರಿಲ್ ಕೊನೆಗೆ ಕೈಬಿಟ್ಟು ಜೂನಿನಲ್ಲಿ ಮತ್ತೆ ಕರೆಯುತ್ತಾರೆ. ಮೇ ತಿಂಗಳ ಸಂಬಳ ಉಳಿಯಿತೆಂದು ಕಳೆದ ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಆ ಹಣವನ್ನು ನಾಲ್ಕರಲ್ಲಿ ಯಾವ ದಾನದ ಬಾಬತ್ತಿಗೆ ಜಮಾ ಮಾಡಬೇಕೆಂದು ಈ ಬಾರಿಯ ವಾರ್ಷಿಕ ಸಭೆಯಲ್ಲಿ ಲಿಖಿತವಾಗಿ ಕೇಳಲಿದ್ದೇನೆ. ಓದುಗರೂ ತಮ್ಮ ತಮ್ಮ ಊರಿನ ಟ್ರಸ್ಟುಗಳಲ್ಲಿ ಕೇಳಲಿ.